ಬೋರಲು ಮಡಿಸಿದ ಅಂಗಿಗಳು

ನಮ್ಮ ಮನೆಯಲ್ಲಿ ಬಟ್ಟೆ ಮಡಿಸುವ ಅಧಿಕಾರ ಇದ್ದದ್ದು ಒಬ್ಬಳಿಗೇ. ಒಗೆಯುವವರು ಯಾರಾದರೂ ಒಗೆಯಲಿ, ಒಣಹಾಕುವವರು ಯಾರಾದರೂ ಹಾಕಲಿ, ತಾರಸಿಯ ಹಗ್ಗದಿಂದ ತೆಗೆದದ್ದು ನೇರವಾಗಿ ಮುತ್ತಜ್ಜಿಯ ಮಂಚದ ಮೇಲೆ ಬೀಳಬೇಕು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಪರೀಕ್ಷೆಯ ಗಡಿಬಿಡಿಯಲ್ಲಿ ನನ್ನ ಯೂನಿಫಾರ್ಮನ್ನು ನಾನೇ ಮಡಿಸಿಕೊಂಡೆ. ಮುತ್ತಜ್ಜಿ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಅಮ್ಮನ ಹತ್ತಿರ, ನನಗೆ ಕೇಳಿಸುವಷ್ಟೇ ಗಟ್ಟಿಯಾಗಿ, "ನಿನ್ನ ಮಗಳು ದೊಡ್ಡೋಳಾದ್ಲಮ್ಮ. ಇನ್ಮೇಲೆ ನಮ್ಮಂಥೋರ ಕೈ ಬೇಡ ಅವಳಿಗೆ" ಅಂದಳು. ನಾನು ಹೋಗಿ ಆ ಯೂನಿಫಾರ್ಮನ್ನು ಬಿಚ್ಚಿ, ಮುದುಡಿ, ಅವಳ ತೊಡೆಯ ಮೇಲೆ ಹಾಕಿದ ಮೇಲೆಯೇ ರಾಜಿಯಾದದ್ದು. ಅಜ್ಜಿಗೆ ಅರಿವೆ ಚಿಂತೆ ಅಂತಾರಲ್ಲ, ಬೇರೆ ಮನೆಗಳಲ್ಲಿ ಅದು ಗಾದೆ, ನಮ್ಮ ಮನೆಯಲ್ಲಿ ದಿನಚರಿ.

ಕೆಳಗೆ ಅಂಗಡಿ, ಮೇಲೆ ಮನೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅದು. ಉದ್ದನೆಯ ಮರದ ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಕಂಬಳಿಯ ಮೇಲೆ ಬಿಳಿ ದುಪ್ಪಟಿ. ಗೋಡೆಯುದ್ದಕ್ಕೂ ಮರದ ಖಾನೆಗಳು. ಮೂಲೆಯಲ್ಲಿ ಗಂಜಿ ಕಾಯಿಸುವ ಒಲೆ. ತಾತ ಮತ್ತು ಅಪ್ಪ ಇಸ್ತ್ರಿ ಹಿಡಿಯುತ್ತಿದ್ದರು, ಅಮ್ಮ ಒಗೆತ ನೋಡಿಕೊಳ್ಳುತ್ತಿದ್ದಳು, ಗಿರಾಕಿಗಳ ಜೊತೆ ಜಗಳ ಕಾಯುವ ಕೆಲಸ ನನ್ನದು. ಬಾಯಿ ಜೋರು ಎಂಬ ಹೆಸರು ನನಗೆ ಅಲ್ಲೇ ಬಂದದ್ದು. ಮುತ್ತಜ್ಜಿ ತಾತನ ತಾಯಿ. ಈ ಅಂಗಡಿಯನ್ನು ಶುರು ಮಾಡಿದವಳೇ ಅವಳು. ಮೊಣಕಾಲು ಕೈಕೊಟ್ಟ ಮೇಲೆ ಅವಳು ಕೆಳಗಿಳಿಯುವುದು ನಿಂತಿತು. ಆದರೆ ಸುಮ್ಮನೆ ಕೂತು ಉಣ್ಣುವ ಜಾಯಮಾನ ಅವಳದಲ್ಲ. ಮೆಟ್ಟಿಲ ಪಕ್ಕದ ಸಂದಿಯಲ್ಲಿ ಹಗ್ಗ ಕಟ್ಟಿಸಿ, ಬೆತ್ತದ ಬುಟ್ಟಿಯಲ್ಲಿ ಗಿರಾಕಿಗಳ ಕರವಸ್ತ್ರ, ಕಾಲುಚೀಲ, ದಿಂಬಿನ ಚೀಲಗಳನ್ನು ಮೇಲಕ್ಕೆ ತರಿಸಿಕೊಂಡು, ಜೋಡಿ ಹಚ್ಚಿ, ಮಡಿಸಿ, ಕೆಳಗಿಳಿಸುತ್ತಿದ್ದಳು. ಬುಟ್ಟಿ ತಡವಾದರೆ ಹಗ್ಗ ಅಲ್ಲಾಡಿಸುವಳು. ಕೆಳಗೆ ಅಪ್ಪನ ತಲೆಯ ಮೇಲೆ ಖಾಲಿ ಬುಟ್ಟಿ ಕುಣಿಯುತ್ತಿತ್ತು.

"ಅಜ್ಜಿ, ನನ್ನ ತಲೆಗೆ ಹೊಡೀಬೇಡ. ಇರೋದೇ ನಾಲ್ಕು ಕೂದಲು" ಎಂದು ಅಪ್ಪ ಕೆಳಗಿನಿಂದ ಕೂಗುತ್ತಿದ್ದ.

"ಕೂದಲು ಹೋದ್ರೆ ಹೋಗ್ಲಿ, ಕಾಲುಚೀಲ ಕಳಿಸು" ಎನ್ನುವುದು ಮೇಲಿನಿಂದ ಬರುವ ಉತ್ತರ.

ಮನೆಯವರ ಬಟ್ಟೆಯಂತೂ ಒಗೆಯುವ ಮುಂಚೆಯೂ ಅವಳ ಕೈ ದಾಟಿಯೇ ಹೋಗಬೇಕಿತ್ತು. ಜೇಬು ತಡಕುವಳು, ಕಾಲರು ಸವರುವಳು, ಹರಿದದ್ದು ಇದ್ದರೆ ಎತ್ತಿಡುವಳು. ಕಣ್ಣಿಗೆ ಪೊರೆ ಬಂದ ಮೇಲೆ ಬೆರಳು ಮತ್ತು ಮೂಗು ಎರಡೇ ಅವಳ ಆಸ್ತಿ. ಆ ಎರಡರಿಂದಲೇ ಅವಳು ನಮ್ಮೆಲ್ಲರ ಜಾತಕ ಓದುತ್ತಿದ್ದಳು. ಅಪ್ಪ ಹರೆಯದಲ್ಲಿ ಕದ್ದು ಬೀಡಿ ಸೇದಿದ್ದು, ಅಮ್ಮ ಕಾಯಿಲೆ ಮುಚ್ಚಿಟ್ಟುಕೊಂಡು ಓಡಾಡಿದ್ದು, ಎಲ್ಲ ಬಟ್ಟೆಯಿಂದಲೇ ಬಯಲಾದದ್ದು. ಒಮ್ಮೆ ನಾನು ಶಾಲೆಯ ಹಿಂದೆ ಕೂತು ಅತ್ತು, ಮುಖ ತೊಳೆದು, ಏನೂ ಆಗದವಳ ಹಾಗೆ ಮನೆಗೆ ಬಂದಿದ್ದೆ. ಸಂಜೆ ಬಟ್ಟೆ ವಿಂಗಡಿಸುವಾಗ ಅವಳು ನನ್ನ ತೋಳಿನ ತುದಿಯನ್ನು ಬೆರಳ ನಡುವೆ ಉಜ್ಜಿದಳು.

"ಯಾರೇ ನಿನ್ನ ಅಳಿಸಿದ್ದು?"

"ಯಾರೂ ಇಲ್ಲ ಮುತ್ತಜ್ಜಿ."

"ನೀನು ಹೇಳ್ದಿದ್ರೆ ಬಿಡು. ತೋಳು ಹೇಳಾಯ್ತು" ಎಂದು ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ನಾನು ಅವಳ ಸ್ವೆಟರಿನಲ್ಲಿ ಮುಖ ಹುದುಗಿಸಿ ಉಳಿದದ್ದನ್ನೂ ಅತ್ತು ಮುಗಿಸಿದೆ. ಬೂದು ಬಣ್ಣದ ಸ್ವೆಟರು, ಮುಂದೆ ದೊಡ್ಡ ದೊಡ್ಡ ಕಪ್ಪು ಗುಂಡಿಗಳು. ಸೆಕೆಯಿರಲಿ ಚಳಿಯಿರಲಿ ಅದು ಅವಳ ಮೈಮೇಲೆಯೇ ಇರುತ್ತಿತ್ತು.

ಅಂಗಡಿಯಲ್ಲಿ ಅವಳು ಹಾಕಿದ ಒಂದು ಪದ್ಧತಿ ಇದೆ, ಅದನ್ನು ಇಲ್ಲಿ ಹೇಳಲೇಬೇಕು. ಗಿರಾಕಿ ಬಂದು ಒಯ್ಯುವ ಅಂಗಿಯನ್ನು ಗುಂಡಿ ಮೇಲೆ ಬರುವಂತೆ ಮಡಿಸುತ್ತೇವೆ, ಎಲ್ಲ ಅಂಗಡಿಗಳ ಹಾಗೆಯೇ. ಆದರೆ ಇನ್ನು ಬರುವುದಿಲ್ಲ ಎಂದು ಗೊತ್ತಾದವರ ಅಂಗಿ ಇರುತ್ತದಲ್ಲ, ತೀರಿಕೊಂಡವರದು, ಹೇಳದೆ ಕೇಳದೆ ಊರು ಬಿಟ್ಟವರದು, ಅದನ್ನು ಬೋರಲು ಮಡಿಸಿ, ಬೆನ್ನು ಮೇಲೆ ಮಾಡಿ, ಮೇಲಿನ ಖಾನೆಯಲ್ಲಿಡಬೇಕು. ಗಡಿಬಿಡಿಯಲ್ಲಿ ಯಾರ ಕೈಗೂ ತಪ್ಪಿ ಸಿಗಬಾರದು ಎಂಬುದು ಅದರ ಲಾಭ. ಆದರೆ ಮುತ್ತಜ್ಜಿ ಹೇಳುತ್ತಿದ್ದ ಕಾರಣ ಬೇರೆ.

"ಮುಖ ಮೇಲಿದ್ರೆ ಅದು ಬಾಗಿಲು ನೋಡ್ಕೊಂಡು ಕಾಯ್ತಾ ಇರುತ್ತೆ. ಬೋರಲು ಮಲಗಿಸಿಬಿಡು ಪಾಪ. ನಿದ್ದೆ ಮಾಡ್ಲಿ."

ಹಾಗೆ ಅವಳು ಮೊದಲು ಮಲಗಿಸಿದ ಅಂಗಿ ಅವಳ ಗಂಡನದು.

ಆ ಕತೆಯನ್ನು ಅವಳು ಅಪರೂಪಕ್ಕೆ ಹೇಳುತ್ತಿದ್ದಳು, ಅದೂ ಕೈಯಲ್ಲಿ ಬಟ್ಟೆ ಇದ್ದಾಗ ಮಾತ್ರ. ಗಂಡ ಗಿರಣಿಯಲ್ಲಿ ಬಾಯ್ಲರು ನೋಡಿಕೊಳ್ಳುತ್ತಿದ್ದ. ಅವಳು ಹೆರಿಗೆಗೆಂದು ತವರಿಗೆ ಹೋಗಿದ್ದಾಗ ಬಾಯ್ಲರು ಸಿಡಿಯಿತು. ಗಂಡು ಮಗು ಹುಟ್ಟಿದ ಸುದ್ದಿ ಗಿರಣಿ ತಲುಪುವ ಹೊತ್ತಿಗೆ ಮಗುವಿನ ಅಪ್ಪ ಇರಲಿಲ್ಲ. ಹಸಿ ಬಾಣಂತಿಗೆ ಇಂಥದ್ದು ಹೇಳಬಾರದು ಎಂದು ಹಿರಿಯರು ಸೇರಿ ತೀರ್ಮಾನಿಸಿದರು. ಗಿರಣಿಯವರು ಅವನನ್ನು ದೂರದ ಊರಿಗೆ ಕಳಿಸಿದ್ದಾರೆ ಎಂದು ಒಬ್ಬರು ಹೇಳಿದರು, ಚೆನ್ನಾಗಿದ್ದಾನಂತೆ ಎಂದು ಇನ್ನೊಬ್ಬರು ಸೇರಿಸಿದರು. ಅವಳು ನಂಬಿದಳು. ನಂಬಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಮಗನ ಮುಖ ನೋಡಲೂ ಪುರುಸೊತ್ತಿಲ್ಲದ ಮಹಾರಾಯ ಎಂದು ಗಂಡನನ್ನು ಗೇಲಿ ಮಾಡುತ್ತ ಬಂದವರನ್ನೆಲ್ಲ ನಗಿಸಿದಳು. ಅವನ ಒಂದೇ ಒಂದು ಒಳ್ಳೆಯ ಅಂಗಿಯನ್ನು ಒಗೆದು, ಗುಂಡಿ ಮೇಲೆ ಮಾಡಿ ಮಡಿಸಿಟ್ಟುಕೊಂಡಳು. ಕಡೆಗೆ ಒಂದು ದಿನ ಬೀದಿಯ ನಲ್ಲಿಯ ಹತ್ತಿರ ಯಾರೋ ಹೆಂಗಸು ಇನ್ನೊಬ್ಬಳಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು: "ಪಾಪ, ಗಂಡ ಸತ್ತಿದ್ದೂ ಗೊತ್ತಿಲ್ಲ ಅದಕ್ಕೆ. ಹೇಗೆ ನಗ್ತಿದೆ ನೋಡು."

"ಊರಿಗೆಲ್ಲ ಗೊತ್ತಿತ್ತು ಕಣೇ. ನಾನೊಬ್ಬಳು ಹಲ್ಲು ಕಿರೀತಾ ಓಡಾಡ್ತಿದ್ದೆ" ಎನ್ನುತ್ತಿದ್ದಳು ಮುತ್ತಜ್ಜಿ. "ಅವನು ಹೋಗಿದ್ದಕ್ಕೆ ಅತ್ತೆ, ಅದು ಮುಗೀತು. ನಾನು ನಕ್ಕಿದ್ದಕ್ಕೆ ಮಾತ್ರ ಇನ್ನೂ ಹೊಟ್ಟೆ ಉರಿಯುತ್ತೆ."

ಅಂದಿನಿಂದ ಅವಳದು ಒಂದೇ ಕಟ್ಟಳೆ. ಈ ಮನೆಯಲ್ಲಿ ಕೆಟ್ಟ ಸುದ್ದಿ ಏನೇ ಬರಲಿ, ಮೊದಲು ಅವಳಿಗೆ ಹೇಳಬೇಕು. ಮಗುವನ್ನು ಬಟ್ಟೆ ಬುಟ್ಟಿಯಲ್ಲಿ ಮಲಗಿಸಿಕೊಂಡು ಮನೆ ಮನೆಯ ಬಟ್ಟೆ ಒಗೆದು, ಕೆಂಡದ ಇಸ್ತ್ರಿ ಪೆಟ್ಟಿಗೆಯಿಂದ ಬೆರಳು ಸುಟ್ಟುಕೊಂಡು, ಈ ಅಂಗಡಿಯನ್ನೂ ಇದರ ಮೇಲಿನ ಕೋಣೆಗಳನ್ನೂ ಕಟ್ಟಿದವಳ ಕಟ್ಟಳೆ ಅದು. ಯಾರೂ ಮೀರಿರಲಿಲ್ಲ. ನನ್ನ ಅಜ್ಜಿ, ಅಂದರೆ ತಾತನ ಹೆಂಡತಿ, ತೀರಿಕೊಂಡಾಗ ತಾತ ಆಸ್ಪತ್ರೆಯಿಂದ ನೇರ ಬಂದು, ದಾರಿಯಲ್ಲಿ ಕೇಳಿದ ಯಾರಿಗೂ ಬಾಯಿ ಬಿಡದೆ, ತಾಯಿಯ ಮುಂದೆ ಕೂತು ಹೇಳಿದನಂತೆ. ಅವಳು ಮಗನನ್ನು ತಬ್ಬಿಕೊಂಡು ಅತ್ತು, ಕಣ್ಣೊರೆಸಿಕೊಂಡು, ಎದ್ದು, ಬಂದವರಿಗೆಲ್ಲ ಊಟದ ವ್ಯವಸ್ಥೆ ನೋಡಿದಳು. ದಿನಾ ಸಂಜೆ ಅಂಗಡಿ ಮುಚ್ಚಿ ಮೇಲೆ ಬಂದವರನ್ನು ಅವಳು ಒಂದೇ ಮಾತು ಕೇಳುತ್ತಿದ್ದಳು.

"ಏನಾದ್ರೂ ಹೇಳೋದಿದೆಯೇನಪ್ಪ?"

"ಏನಿಲ್ಲಮ್ಮ" ಎಂದು ತಾತ ಹೇಳಿದ ಮೇಲೆ ತಟ್ಟೆ ಹಾಕುತ್ತಿದ್ದರು.

ತಾತನಿಗೆ ವಯಸ್ಸಾಗಿದೆ ಎಂಬುದು ನಮಗೆಲ್ಲ ಗೊತ್ತಿತ್ತು, ಅವಳಿಗೊಬ್ಬಳಿಗೆ ಗೊತ್ತಿರಲಿಲ್ಲ. "ಬಿಸಿಲಲ್ಲಿ ತಿರುಗಬೇಡ ಮಗಾ" ಎಂದು ಬೊಕ್ಕ ಬಾಯಿಯ ಆ ಮುದುಕನಿಗೆ ಗದರುತ್ತಿದ್ದಳು. ಅವನೂ ತಲೆ ಬಗ್ಗಿಸಿ ಹೂಂ ಅನ್ನುತ್ತಿದ್ದ. ಅವನಿಗೆ ಹೊಟ್ಟೆಯ ಆಪರೇಷನ್ ಆಗಬೇಕು, ಅದೂ ದೂರದ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಎಂದಾಗ, ಅದನ್ನೂ ಮೊದಲು ಅವಳಿಗೇ ಹೇಳಿದ. ಹೊರಡುವ ದಿನ ಮುತ್ತಜ್ಜಿ ಅವನ ಬೀರುವಿನ ಅಂಗಿಗಳನ್ನೆಲ್ಲ ತುಂಬಿ ಒಂದು ದೊಡ್ಡ ಚೀಲ ಕಟ್ಟಿದಳು.

"ಅಮ್ಮ, ನಾನು ಹೋಗ್ತಿರೋದು ಆಸ್ಪತ್ರೆಗೆ, ಮದುವೆಗಲ್ಲ" ಅಂದ ತಾತ.

"ಇಸ್ತ್ರಿ ಅಂಗಡಿಯವನು ಸುಕ್ಕು ಅಂಗಿ ಹಾಕ್ಕೊಂಡು ಮಲಗಿದ್ರೆ ನಗ್ತಾರೆ ಕಣೋ" ಅಂದಳು.

ಆಪರೇಷನ್ ಆಯಿತು. ಅದರ ಬೆನ್ನಿಗೇ ಜ್ವರ ಏರಿ ತಾತ ತೀರಿಕೊಂಡ. ಪಕ್ಕದಲ್ಲಿ ಇದ್ದವನು ಅಪ್ಪ ಒಬ್ಬನೇ.

ಈಗ ನನ್ನ ಅತ್ತೆಯ ವಿಷಯ. ಅಪ್ಪನ ಅಕ್ಕ ಅವಳು, ಎರಡು ಬೀದಿ ಆಚೆ ಮನೆ. ನಾವು ಅವಳನ್ನು ಹಿಂದಿನಿಂದ ಹೈಕೋರ್ಟು ಅನ್ನುತ್ತೇವೆ. ಅವಳು ತೀರ್ಪು ಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಅಪೀಲಿಲ್ಲ. ಅಪ್ಪನಿಗಂತೂ ಪ್ಯಾಂಟಿನ ಬಣ್ಣ ಆರಿಸಲೂ ಅಕ್ಕನ ಒಪ್ಪಿಗೆ ಬೇಕು. ನಮ್ಮನ್ನು ಪಟ್ಟಣಕ್ಕೆ ಕರೆದೊಯ್ಯಲು ಅಪ್ಪ ಬಂದ ದಿನ ಅಂಗಡಿಯ ಬಾಗಿಲೆಳೆದುಕೊಂಡು, ಕೆಳಗೇ, ಇಸ್ತ್ರಿ ಮೇಜಿನ ಸುತ್ತ ನಿಂತು ಮಾತಾಡಿದೆವು. ಮೇಲೆ ಮುತ್ತಜ್ಜಿ ಕಾಲುಚೀಲ ಮಡಿಸುತ್ತ ಕೂತಿದ್ದಳು.

"ಅಜ್ಜಿ ಎದೆ ಬಹಳ ಸೋತಿದೆ, ಗಾಬರಿ ಆಗೋ ಸುದ್ದಿ ಹೇಳ್ಬೇಡಿ ಅಂತ ಡಾಕ್ಟ್ರು ಮೊನ್ನೆ ತಾನೇ ಹೇಳಿದ್ದಾರೆ" ಅಂದಳು ಅತ್ತೆ. "ಹೇಳೋದು ಬೇಡ."

"ಅತ್ತೆ, ಮುತ್ತಜ್ಜಿ ಜೀವಮಾನದಲ್ಲಿ ಕೇಳಿರೋದು ಅದೊಂದನ್ನೇ" ಅಂದೆ ನಾನು. "ಅದನ್ನೂ ಕಿತ್ಕೊಳ್ತೀರಾ?"

"ಹೇಳಿ ಅವಳನ್ನೂ ಕಳ್ಕೊಳ್ಳೋಣ್ವಾ? ಅಪ್ಪ ಹೋದ್ರು. ಈ ಅಜ್ಜಿ ಒಬ್ಬಳು ಉಳಿದಿದ್ದಾಳೆ ನನಗೆ. ಒಟ್ಟೊಟ್ಟಿಗೆ ಎರಡು ಹೆಣ ನೋಡೋ ಶಕ್ತಿ ನನಗಿಲ್ಲ ಕಣೇ." ಹೇಳುತ್ತಾ ಹೇಳುತ್ತಾ ಅವಳು ಕಂಬಳಿಯ ಮೇಲೆ ಕುಸಿದು ಬಾಯಿಗೆ ಬಟ್ಟೆ ಒತ್ತಿಕೊಂಡು ಅಳತೊಡಗಿದಳು, ಸದ್ದು ಮೇಲೆ ಹೋಗಬಾರದಲ್ಲ. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಜೋರು ಬಾಯಿ ಅಲ್ಲಿಗೆ ಕಟ್ಟಿಹೋಯಿತು. ಅಪ್ಪ ಗೋಡೆ ನೋಡುತ್ತ ನಿಂತಿದ್ದ. ಒಂದೇ ಒಂದು ಸಲ ಏನೋ ಹೇಳಲು ಬಾಯಿ ತೆರೆದು, ಅಕ್ಕನನ್ನು ನೋಡಿ, ಸುಮ್ಮನಾದ.

ತಾತನನ್ನು ಆ ಪಟ್ಟಣದಲ್ಲೇ ಬೀಳ್ಕೊಟ್ಟು ಬಂದೆವು. ಅವನಿಗೆ ಲಕ್ವ ಹೊಡೆದಿದೆ, ಮಾತು ನಿಂತಿದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ಅಲ್ಲಿಯೇ ಇಟ್ಟುಕೊಳ್ಳುತ್ತಾರೆ ಎಂದು ಮುತ್ತಜ್ಜಿಗೆ ಹೇಳಿದ್ದಾಯಿತು. ಮಾತೇ ನಿಂತ ಮೇಲೆ ಫೋನಿನ ಪ್ರಶ್ನೆಯಿಲ್ಲ. ಬೀದಿಯವರಿಗೆಲ್ಲ ಮೇಲೆ ಹೋಗಿ ಬಾಯಿಬಿಡಬೇಡಿ ಎಂದು ನಾನೇ ತಾಕೀತು ಮಾಡಬೇಕಾಯಿತು. ಒಂದು ಸುಳ್ಳನ್ನು ಸಾಕುವುದು ಸುಲಭವಲ್ಲ, ಅದಕ್ಕೂ ಹೊತ್ತು ಹೊತ್ತಿಗೆ ಮೇವು ಹಾಕಬೇಕು. ಮುತ್ತಜ್ಜಿ ಕೇಳಿದಳು: "ಅವನ ಬಟ್ಟೆ ಯಾರು ಒಗೀತಾರೆ? ಇಲ್ಲಿಗೆ ಕಳಿಸ್ಲಿ."

ತಾತನ ಅಂಗಿಗಳ ಚೀಲ ಅತ್ತೆಯ ಮನೆಯಲ್ಲಿತ್ತು. ಅದರಿಂದ ಒಂದು ತಿಳಿ ನೀಲಿ ಅಂಗಿ ತೆಗೆದರು. ತೊಡದ ಅಂಗಿಯನ್ನು ಕೊಳೆ ಬಟ್ಟೆಯೆಂದು ಕೊಡುವುದು ಹೇಗೆ? ಅದಕ್ಕೂ ಅತ್ತೆಯ ಬಳಿ ಉಪಾಯವಿತ್ತು. ಅಪ್ಪ ಆ ಅಂಗಿ ತೊಟ್ಟುಕೊಂಡು ಇಡೀ ದಿನ ಇಸ್ತ್ರಿ ಮಾಡಿದ, ಬೆವರು ಹಿಡಿಯಲಿ ಎಂದು. ಸಂಜೆ ಅತ್ತೆ ಅದರ ಎದೆಯ ಮೇಲೆ ಒಂದು ಚಮಚ ಚಹಾ ಚೆಲ್ಲಿದಳು. ಕೈ ನಡುಗುವ ರೋಗಿಯಲ್ಲವೇ, ಚೆಲ್ಲಿಕೊಳ್ಳುತ್ತಾನೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂಗಿಯನ್ನು ಮೇಲೆ ಒಯ್ಯುವಾಗ ಅಪ್ಪ ಮೆಟ್ಟಿಲ ಮೇಲೆ ಎಡವಿದ.

ಮುತ್ತಜ್ಜಿ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಜೇಬು ತಡಕಿದಳು, ಕಾಲರು ಸವರಿದಳು, ಎತ್ತಿ ಮೂಸಿದಳು. ಬಹಳ ಹೊತ್ತು ಅದನ್ನು ಮುಖದಿಂದ ಕೆಳಗಿಳಿಸಲಿಲ್ಲ.

"ಚಹಾ ಚೆಲ್ಕೊಂಡಿದ್ದಾನೆ" ಅಂದಳು ಕಡೆಗೆ.

"ಹೌದಜ್ಜಿ. ಕೈ ನಡುಗುತ್ತೆ ಅವರಿಗೆ" ಅಂದ ಅಪ್ಪ.

"ಏನಾದ್ರೂ ಹೇಳೋದಿದೆಯೇನಪ್ಪ?"

"ಏನಿಲ್ಲಜ್ಜಿ."

ಅವಳು ತಲೆಯಾಡಿಸಿ ಅಂಗಿಯನ್ನು ಒಗೆಯಲು ಕೊಟ್ಟಳು. ಒಣಗಿ ಬಂದದ್ದನ್ನು ಮಡಿಸಿ, ಗೋಡೆ ಹಿಡಿದುಕೊಂಡು ಹೋಗಿ, ತನ್ನ ಕೋಣೆಯಲ್ಲೇ ಇದ್ದ ತಾತನ ಬೀರುವಿನಲ್ಲಿ ಇಟ್ಟಳು. ಮರಳಿ ಆಸ್ಪತ್ರೆಗೆ ಕಳಿಸಬೇಕೇ ಎಂದು ಅಮ್ಮ ಕೇಳಿದರೆ, "ಬೇಡ. ಅಲ್ಲಿ ಬೇಕಾದಷ್ಟಿವೆ. ಇದು ಇಲ್ಲೇ ಇರ್ಲಿ" ಅಂದಳು. ಪಾರಾದೆವು ಎಂದುಕೊಂಡೆವು.

ಹೀಗೆ ಆಗಾಗ ಒಂದೊಂದು ಅಂಗಿ ಬರುವುದು, ಅವಳು ಮೂಸುವುದು, ಮಡಿಸುವುದು, ಬೀರುವಿನಲ್ಲಿಡುವುದು ನಡೆಯಿತು. ಆ ಬೀರುವನ್ನು ನಾವ್ಯಾರೂ ತೆರೆಯಲಿಲ್ಲ. ಧೈರ್ಯ ಇರಲಿಲ್ಲ. ಅತ್ತೆಯ ಮನೆಯ ಚೀಲ ಬರಿದಾಗುತ್ತಾ ಬಂತು. ಎರಡು ಬದಲಾವಣೆಗಳು ನಮ್ಮ ಕಣ್ಣಿಗೆ ಬೀಳದೆ ಇರಲಿಲ್ಲ, ಆದರೆ ಅವನ್ನು ನಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆವು. ಮಗ ಯಾವಾಗ ಬರುತ್ತಾನೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಮರೆವು ಶುರುವಾಗಿದೆ, ಒಳ್ಳೆಯದೇ ಆಯಿತು ಅಂದಳು ಅತ್ತೆ. ಇನ್ನೊಂದು, ಅವಳು ನಗುವುದನ್ನು ಬಿಟ್ಟಳು. ಬುಟ್ಟಿ ಕುಣಿಸುವುದು ನಿಂತಿತು. ಅಪ್ಪನ ಕೂದಲಿನ ಮಾತು ಎತ್ತಿದರೂ ತುಟಿ ಬಿಚ್ಚುತ್ತಿರಲಿಲ್ಲ. ನಮ್ಮ ಮನೆಯ ತಮಾಷೆಗಳೆಲ್ಲ ಹುಟ್ಟುತ್ತಿದ್ದದ್ದೇ ಅವಳ ಬಾಯಲ್ಲಿ. ವಯಸ್ಸಾಯಿತಲ್ಲ ಎಂದು ನಮಗೆ ನಾವೇ ಹೇಳಿಕೊಂಡೆವು. ಸಂಜೆಯ ಆ ಪ್ರಶ್ನೆಯನ್ನು ಮಾತ್ರ ಅವಳು ಬಿಡಲಿಲ್ಲ. ಅಪ್ಪನನ್ನು ಕೇಳುವಳು, ಅಮ್ಮನನ್ನು ಕೇಳುವಳು, ಅತ್ತೆ ಬಂದರೆ ಅವಳನ್ನೂ, ಕೊನೆಗೆ ನನ್ನನ್ನೂ. ಏನಾದರೂ ಹೇಳುವುದಿದೆಯಾ? ನಾವು ಸಾಲಾಗಿ ಏನಿಲ್ಲ, ಏನಿಲ್ಲ ಅನ್ನುತ್ತಿದ್ದೆವು.

ಚಳಿಗಾಲ ಕಳೆಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಇಂಥದ್ದೇ ರೋಗ ಎಂದೇನಿರಲಿಲ್ಲ. ಎಣ್ಣೆ ತೀರಿದ ದೀಪ, ಮಾಡುವುದೇನೂ ಇಲ್ಲ, ಪಕ್ಕದಲ್ಲಿರಿ ಅಂದರು ಡಾಕ್ಟರು. ಹಾಗೆ ಪಕ್ಕದಲ್ಲಿದ್ದ ಒಂದು ಮಧ್ಯಾಹ್ನ, ಸೆಕೆ, ಸ್ವೆಟರು ಬಿಚ್ಚು ಎಂದು ಅವಳು ಸನ್ನೆ ಮಾಡಿದಳು. ಅವಳು ತಾನಾಗಿ ಅದನ್ನು ಬಿಚ್ಚಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದೊಂದೇ ಕಪ್ಪು ಗುಂಡಿ ಬಿಚ್ಚಿ, ತೋಳು ಬಿಡಿಸಿ ತೆಗೆದೆ. ಅವಳ ಕಣ್ಣೆದುರಿಗೇ, ಭಯದಿಂದಲೇ, ಅದನ್ನು ಮಡಿಸಿದೆ. ಗುಂಡಿ ಮೇಲೆ ಮಾಡಿ ದಿಂಬಿನ ಪಕ್ಕ ಇಟ್ಟೆ.

ಅವಳ ಕೈ ನಿಧಾನವಾಗಿ ಬಂತು. ಸ್ವೆಟರನ್ನು ಸವರಿ, ಗುಂಡಿಗಳನ್ನು ಮುಟ್ಟಿ, ಅದನ್ನು ಮಗುಚಿ ಹಾಕಿತು.

"ಅದು ಬೋರಲಾಯ್ತು ಮುತ್ತಜ್ಜಿ."

"ಗೊತ್ತು" ಅಂದಳು. ಕಣ್ಣು ಮುಚ್ಚಿಕೊಂಡಳು.

ತಾನು ಹೊರಟೆ ಎಂದು ಅವಳು ಹೇಳಿದ್ದು ನನಗೆ ತಿಳಿಯಿತು. ಅದರ ಹಿಂದೆಯೇ ಬಂತು ಇನ್ನೊಂದು ಯೋಚನೆ. ತಲೆಯೆತ್ತಿ ತಾತನ ಬೀರುವನ್ನು ನೋಡಿದೆ. ಹೋಗಿ ಬಾಗಿಲು ತೆಗೆದೆ.

ಎಲ್ಲ ಅಂಗಿಗಳೂ ಬೋರಲು ಮಲಗಿದ್ದವು. ಅಂಚಿಗೆ ಅಂಚು ಸೇರಿಸಿ, ಒಂದರ ಮೇಲೊಂದು, ಬೆನ್ನು ಮೇಲೆ ಮಾಡಿಕೊಂಡು. ಒಂದೊಂದಾಗಿ ಎತ್ತುತ್ತ ಹೋದೆ. ಎಲ್ಲಕ್ಕಿಂತ ಕೆಳಗೆ ತಿಳಿ ನೀಲಿ ಅಂಗಿ ಇತ್ತು. ತಿರುಗಿಸಿ ನೋಡಿದರೆ ಎದೆಯ ಮೇಲೆ, ಒಗೆದರೂ ಪೂರ್ತಿ ಹೋಗದ, ಅತ್ತೆ ಚೆಲ್ಲಿದ ಚಹಾದ ಕಲೆ. ಅದೂ ಬೋರಲು. ಮೊದಲನೆಯ ಅಂಗಿಯೇ.

ನನ್ನ ತೋಳಿನಲ್ಲಿ ಕಣ್ಣೀರು ಓದಿದವಳು ಅವಳು. ಮಗನ ಅಂಗಿಯನ್ನು ಮೂಗಿಗೆ ಹಿಡಿದಾಗ ಅದರಲ್ಲಿ ಮೊಮ್ಮಗನ ಬೆವರು ಸಿಕ್ಕಿತು. ತಾನೇ ಬುಟ್ಟಿಯಲ್ಲಿ ಮಲಗಿಸಿ ಸಾಕಿದ ಮಗನ ವಾಸನೆ ಅವಳಿಗೆ ಗೊತ್ತಿಲ್ಲವೇ? ಆಸ್ಪತ್ರೆಯ ವಾಸನೆಯ ಬದಲು ನಮ್ಮದೇ ಅಂಗಡಿಯ ಗಂಜಿ ವಾಸನೆ ಅದರಲ್ಲಿ. ಅಷ್ಟೆಲ್ಲ ನಾಟಕ ಆಡಬೇಕಾಗಿ ಬಂದಿದೆ ಎಂದರೆ ಏನಾಗಿದೆ ಎಂದು ಅವಳಿಗೆ ತಿಳಿಯದೇ? ಆ ಕ್ಷಣದಿಂದ ಅವಳು ನಗಲಿಲ್ಲ. ಊರಿಗೆಲ್ಲ ಗೊತ್ತಿರುವಾಗ ತಾನೊಬ್ಬಳು ನಗುವ ಕೆಲಸ ಎರಡನೆಯ ಸಲ ಮಾಡಲಿಲ್ಲ. ಅಳಲೂ ಇಲ್ಲ, ಅತ್ತರೆ ತನಗೆ ತಿಳಿದದ್ದು ನಮಗೆ ಗೊತ್ತಾಗುತ್ತದೆ ಎಂದು. ದಿನಾ ಸಂಜೆ ಕೇಳಿದಳು, ಅಷ್ಟೇ. ಯಾರಾದರೂ ಹೇಳಿದ್ದರೆ ಮಗನಿಗಾಗಿ ಬಾಯಿಬಿಟ್ಟು ಅಳಬಹುದಿತ್ತು. ನಾವು ಯಾರೂ ಹೇಳಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕೂತು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ.

ನೀಲಿ ಅಂಗಿ ಹಿಡಿದುಕೊಂಡು ಕೆಳಗೆ ಓಡಿದೆ. ಅಪ್ಪ ಯಾರದೋ ಪ್ಯಾಂಟಿನ ಮೇಲೆ ಇಸ್ತ್ರಿ ಆಡಿಸುತ್ತಿದ್ದ.

"ಅಪ್ಪ, ಮುತ್ತಜ್ಜಿಗೆ ಗೊತ್ತು. ಎಲ್ಲಾ ಅಂಗಿನೂ ಬೋರಲು ಮಡಿಸಿಟ್ಟಿದ್ದಾಳೆ."

ಅಪ್ಪ ನನ್ನ ಕೈಯಲ್ಲಿದ್ದ ಅಂಗಿ ನೋಡಿದ. "ಯಾವಾಗಿಂದ?"

"ಇದರಿಂದಾನೇ. ಹೋಗಿ ಹೇಳು. ಈಗಲೇ ಹೋಗು. ನೀನೇ ಹೇಳ್ಬೇಕು, ದಿನಾ ನಿನ್ನನ್ನೇ ಮೊದಲು ಕೇಳ್ತಿದ್ಲು."

ಅಪ್ಪ ಎರಡು ಹೆಜ್ಜೆ ಇಟ್ಟ. ನಿಂತ. "ಅಕ್ಕಂಗೆ ಒಂದು ಮಾತು ಕೇಳಿಬಿಡೋಣ" ಅಂದ.

ಆ ಗಳಿಗೆಯಲ್ಲಿ ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಏನೇನೋ ಅಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಅಕ್ಕನಿಗೆ ಫೋನು ಮಾಡಿದ, ಅವಳು ಎತ್ತಲಿಲ್ಲ, ಮತ್ತೆ ಮಾಡಿದ, ಕೊನೆಗೆ ತಾನೇ ಓಡಿದ. ಮೇಜಿನ ಮೇಲಿಂದ ಹೊಗೆ ಬಂದಾಗಲೇ ನನಗೆ ಕಂಡದ್ದು, ಬಿಸಿ ಇಸ್ತ್ರಿ ಆ ಪ್ಯಾಂಟಿನ ಮೇಲೆಯೇ ಕೂತಿತ್ತು. ನಮ್ಮ ಅಪ್ಪನ ಕೈಯಲ್ಲಿ ಬಟ್ಟೆ ಸುಟ್ಟದ್ದು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಇಸ್ತ್ರಿ ಎತ್ತಿಟ್ಟು ನಾನು ಮೇಲೆ ಹೋದೆ. ಅಮ್ಮ ಮುತ್ತಜ್ಜಿಯ ಪಕ್ಕ ಕೂತು ಅವಳ ಹೆಗಲು ತಟ್ಟುತ್ತಿದ್ದಳು.

"ಎಬ್ಬಿಸಿದ್ರೂ ಏಳ್ತಿಲ್ವೇ" ಅಂದಳು.

ಅತ್ತೆ ಬಂದಳು, ಏದುಸಿರು ಬಿಡುತ್ತ. ಬೀರುವಿನ ಬಾಗಿಲು ಇನ್ನೂ ತೆರೆದೇ ಇತ್ತು. ಅಂಗಿಗಳನ್ನು ನೋಡಿದಳು. ನನ್ನ ಕೈಯಲ್ಲಿದ್ದ ನೀಲಿ ಅಂಗಿಯ ಕಲೆಯನ್ನು ಬೆರಳಿನಿಂದ ಮುಟ್ಟಿದಳು. ನಮ್ಮ ಹೈಕೋರ್ಟು ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ನೆಲಕ್ಕೆ ಜಾರಿತು.

"ಹೇಳೋ" ಅಂದಳು ತಮ್ಮನಿಗೆ. "ಹೋಗಿ ಹೇಳೋ. ತಪ್ಪಾಯ್ತು ಅಂತನೂ ಹೇಳು."

ಅಪ್ಪ ಮಂಚದ ಪಕ್ಕ ಮಂಡಿಯೂರಿ ಕೂತ. ಮುತ್ತಜ್ಜಿಯ ಉಸಿರು ಎಲ್ಲೋ ದೂರದಿಂದ ಬಂದು ಹೋಗುತ್ತಿತ್ತು. ಬಲಗೈ ಹೊದಿಕೆಯ ಮೇಲೆ ಸ್ವಲ್ಪ ಅಲುಗುತ್ತಿತ್ತು, ಸುಕ್ಕು ಸವರುವವರ ಹಾಗೆ. ಆಮೇಲೆ ಅದೂ ನಿಂತಿತು. ಅಪ್ಪ ಅವಳ ಕಿವಿಯ ಹತ್ತಿರ ಬಾಯಿ ತಂದ.

"ಅಜ್ಜಿ, ಹೇಳೋದಿದೆ."

ಅವಳು ಕಣ್ಣು ಬಿಡಲಿಲ್ಲ.

"ಅಪ್ಪ ಹೋಗಿಬಿಟ್ರಜ್ಜಿ. ಆಪರೇಷನ್ ಆದ್ಮೇಲೆ ಜ್ವರ ಬಂತು, ಇಳೀಲೇ ಇಲ್ಲ. ನಾನು ಕೈ ಹಿಡ್ಕೊಂಡಿದ್ದೆ. ಒಬ್ಬರೇ ಇರ್ಲಿಲ್ಲ. ಬಿಳಿ ಅಂಗಿ ಹಾಕಿದ್ದೆ ಅಜ್ಜಿ, ನೀನು ಮಡಿಸಿ ಕೊಟ್ಟಿದ್ದು, ಒಂದು ಸುಕ್ಕೂ ಇರ್ಲಿಲ್ಲ." ಸ್ವಲ್ಪ ಹೊತ್ತು ಅವನ ಹಣೆ ಮಂಚದ ಅಂಚಿಗೆ ಒತ್ತಿಕೊಂಡಿತ್ತು. ಆಮೇಲೆ, ನಮಗ್ಯಾರಿಗೂ, ಅತ್ತೆಗೂ ಗೊತ್ತಿರದ ಮಾತೊಂದನ್ನು ಹೇಳಿದ.

"ಕೊನೇಲಿ ಒಂದೇ ಮಾತು ಅಂದ್ರು ಅಜ್ಜಿ. ಅಮ್ಮಂಗೆ ಮೊದಲು ಹೇಳು. ನೀನೇ ಹೋಗಿ ಹೇಳು, ಬೇರೆಯವರ ಬಾಯಿಂದ ಕೇಳಿಸ್ಬೇಡ ಅಂದ್ರು. ಹೂಂ ಅಂದಿದ್ದೆ. ದಿನಾ ಮೆಟ್ಟಿಲು ಹತ್ತುವಾಗ ಇವತ್ತು ಹೇಳ್ತೀನಿ ಅಂದ್ಕೊಂಡೇ ಬರ್ತಿದ್ದೆ. ನೀನು ಕೇಳ್ತಿದ್ದೆ. ನನಗೆ ಆಗ್ತಿರ್ಲಿಲ್ಲ."

ಅಂಗಡಿಯ ಬಾಗಿಲೆಳೆದುಕೊಂಡು ಆ ದಿನ ಅವನು ಬಾಯಿ ತೆರೆದು ಮುಚ್ಚಿದ್ದು ನನಗೆ ನೆನಪಾಯಿತು. ಅತ್ತೆಗೂ ನೆನಪಾಗಿರಬೇಕು. ಅವಳು ತಲೆ ಎತ್ತಲೇ ಇಲ್ಲ.

ಅಪ್ಪ ಮೊದಲಿನಿಂದ ಮತ್ತೆ ಹೇಳಿದ. ಮತ್ತೆ ಮತ್ತೆ ಹೇಳಿದ, ಎಲ್ಲಾದರೂ ಒಂದು ಮಾತು ಅವಳ ಕಿವಿಗೆ ಬೀಳಲಿ ಎಂದು. ಅವಳು ಕೇಳಿಸಿಕೊಂಡಳೋ ಇಲ್ಲವೋ ನಮಗೆ ಗೊತ್ತಿಲ್ಲ. ಕೆಳಗಿನ ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ, ಅಪ್ಪ ಇನ್ನೂ ಹೇಳುತ್ತಿರುವಾಗಲೇ, ಅವಳ ಉಸಿರು ನಿಂತಿತು. ಅಪ್ಪನಿಗೆ ಅದು ತಿಳಿಯಲಿಲ್ಲ. ಅಮ್ಮ ಹೋಗಿ ಅವನ ಭುಜ ಹಿಡಿದು ನಿಲ್ಲಿಸಬೇಕಾಯಿತು.

ಸ್ವೆಟರನ್ನು ಅವಳು ಇಟ್ಟ ಹಾಗೆಯೇ, ಬೋರಲಾಗಿಯೇ, ನೀಲಿ ಅಂಗಿಯ ಮೇಲೆ ಬೀರುವಿನಲ್ಲಿಟ್ಟೆವು. ಈಗ ಮನೆಯ ಬಟ್ಟೆ ಮಡಿಸುವವಳು ನಾನು. ಅಂಚಿಗೆ ಅಂಚು ಕೂಡಿಸುವುದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ, ಯಾರೂ ಬೈಯುವವರಿಲ್ಲ. ಬುಟ್ಟಿ ಹಗ್ಗದ ತುದಿಯಲ್ಲಿ ಹಾಗೆಯೇ ನೇತಾಡುತ್ತಿದೆ. ಅಪ್ಪ ಸಂಜೆ ಅಂಗಡಿ ಮುಚ್ಚಿ ಮೇಲೆ ಬಂದವನು ಕೈಕಾಲು ತೊಳೆಯುವ ಮುಂಚೆ ಅವಳ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಖಾಲಿ ಮಂಚದ ಕಡೆ ನೋಡುತ್ತ ಸ್ವಲ್ಪ ಹೊತ್ತು ಕಾಯುತ್ತಾನೆ. ಯಾರೂ ಏನೂ ಕೇಳುವುದಿಲ್ಲ. ಆಮೇಲೆ ಅಮ್ಮ ತಟ್ಟೆ ಹಾಕುತ್ತಾಳೆ.